ಹೆಂಡದಲ್ಲಿ ಜಿಡ್ಡೇ ಇಲ್ಲ, ಲಿವರ್‌ಗೆ ಕೊಬ್ಬು ಬರುವುದು ಎಲ್ಲಿಂದ?

ಪ್ರಶ್ನೆಚಿಹ್ನೆ
ಬಿಯರ್‌ನಲ್ಲಿ ಕೊಬ್ಬಿನಂಶ ಸೊನ್ನೆ. ವಿಸ್ಕಿಯಲ್ಲಿ ಸಕ್ಕರೆಯೂ ಇಲ್ಲ. ಆದರೂ ಕುಡಿಯುವವರ ಸ್ಕ್ಯಾನಿಂಗ್ ವರದಿಯಲ್ಲಿ ಮೊದಲು ಕಾಣುವುದು ‘ಫ್ಯಾಟಿ ಲಿವರ್’. ಆಲ್ಕೋಹಾಲೇ ಕೊಬ್ಬಾಗಿ ತಿರುಗುತ್ತದೆಯೇ, ಅಥವಾ ಬೇರೆಲ್ಲಿಂದಲೋ ಬಂದು ಸೇರುತ್ತದೆಯೇ? ‘ಕುಡಿದರೆ ಲಿವರ್ ಹಾಳಾಗುತ್ತೆ’ ಅನ್ನುವ ಉತ್ತರ ಬೇಡ, ಅದು ಎಲ್ಲರಿಗೂ ಗೊತ್ತು. ಒಳಗೆ ಏನೇನು ನಡೆಯುತ್ತದೆ ಅಂತ ತಿಳಿದವರು ಬಿಡಿಸಿ ಬರೆಯಿರಿ.

ಅರೆತುಂಬಿದ_ಲೋಟ
ಇದರಲ್ಲಿ ಗುಟ್ಟೇನಿಲ್ಲ. 1 ಗ್ರಾಂ ಆಲ್ಕೋಹಾಲ್‌ಗೆ 7 ಕ್ಯಾಲೊರಿ. ಹೆಚ್ಚಾದ ಕ್ಯಾಲೊರಿ ಕೊಬ್ಬಾಗುತ್ತದೆ, ಲಿವರ್‌ನಲ್ಲಿ ಕೂರುತ್ತದೆ. ಅಷ್ಟೇ.

ಕಿಣ್ವ
7 ಕ್ಯಾಲೊರಿ ಸರಿ, ‘ಅಷ್ಟೇ’ ಅನ್ನುವುದು ತಪ್ಪು. 24 ಗ್ರಾಂ ಆಲ್ಕೋಹಾಲ್ ಕುಡಿಸಿ ಅಳೆದಾಗ ಲಿವರ್‌ನಲ್ಲಿ ಹೊಸದಾಗಿ ತಯಾರಾದ ಕೊಬ್ಬು ಸುಮಾರು 1 ಗ್ರಾಂ ಮಾತ್ರ, ಅಂದರೆ ಕುಡಿದದ್ದರಲ್ಲಿ 100ಕ್ಕೆ 5 ಪಾಲೂ ಇಲ್ಲ. ಅದೇ ಹೊತ್ತಿನಲ್ಲಿ ಇಡೀ ದೇಹದಲ್ಲಿ ಕೊಬ್ಬು ಉರಿಯುವ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಮುಕ್ಕಾಲು ಪಾಲು ಕುಸಿದಿತ್ತು. ಅಲ್ಲಿಗೆ ಒಂದೆರಡು ಪೆಗ್ಗಿನ ಲೆಕ್ಕದಲ್ಲಿ ಮುಖ್ಯವಾದದ್ದು ಆಲ್ಕೋಹಾಲ್ ಕೊಬ್ಬಾಗುವುದಲ್ಲ, ಇದ್ದ ಕೊಬ್ಬು ಕರಗದೆ ನಿಲ್ಲುವುದು.

ಯಾಕೆ ನಿಲ್ಲುತ್ತದೆ ಅಂತ ನೋಡೋಣ. ಸಕ್ಕರೆಯನ್ನು ಗ್ಲೈಕೋಜನ್ ಮಾಡಿ ಇಟ್ಟುಕೊಳ್ಳಬಹುದು. ಕೊಬ್ಬಿಗೆ ಚರ್ಮದಡಿಯಲ್ಲಿ ಜಾಗವಿದೆ. ಎಥೆನಾಲ್‌ಗೆ, ಅಂದರೆ ಹೆಂಡದಲ್ಲಿರುವ ಆಲ್ಕೋಹಾಲ್‌ಗೆ, ದೇಹದಲ್ಲಿ ಉಗ್ರಾಣವೇ ಇಲ್ಲ. ಉಸಿರು, ಬೆವರು, ಮೂತ್ರದಲ್ಲಿ ಸ್ವಲ್ಪ ಹೋಗುತ್ತದೆ. ಉಳಿದದ್ದನ್ನು ಒಡೆದೇ ತೀರಬೇಕು, ಅದರ ಸಿಂಹಪಾಲು ಲಿವರ್‌ನ ತಲೆಗೆ. ಅದು ಬಂದ ಕೂಡಲೇ ಮಿಕ್ಕ ಇಂಧನಗಳು ಸಾಲಿನಲ್ಲಿ ಹಿಂದೆ ಸರಿಯುತ್ತವೆ.

ಒಡೆಯುವ ಕೆಲಸ ಎರಡು ಮೆಟ್ಟಿಲು. ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಅನ್ನುವ ಕಿಣ್ವ ಎಥೆನಾಲನ್ನು ಅಸೆಟಾಲ್ಡಿಹೈಡ್ ಮಾಡುತ್ತದೆ. ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಅದನ್ನು ಮೈಟೊಕಾಂಡ್ರಿಯದೊಳಗೆ (ಜೀವಕೋಶದಲ್ಲಿ ಇಂಧನ ಉರಿಯುವ ಒಲೆ) ಅಸಿಟೇಟ್ ಮಾಡುತ್ತದೆ. ಅಸಿಟೇಟ್ ಬಹುಪಾಲು ರಕ್ತಕ್ಕೆ ಹೊರಟು ಸ್ನಾಯು, ಹೃದಯಗಳಲ್ಲಿ ಉರಿಯುತ್ತದೆ. ಅವು ಅದನ್ನು ಉರಿಸುವಷ್ಟು ಹೊತ್ತು ಕೊಬ್ಬನ್ನು ಮುಟ್ಟುವುದಿಲ್ಲ. ಲಿವರ್‌ನ ಹೊರಗೂ ಕೊಬ್ಬು ಉರಿಯದಿರಲು ಇದೇ ಕಾರಣ.

ಲಿವರ್‌ನ ಒಳಗಿನ ಕಥೆಗೆ ಎನ್‌ಎಡಿ ಬೇಕು. ಅದನ್ನು ಖಾಲಿ ಚೀಲ ಅಂದುಕೊಳ್ಳಿ. ಹೈಡ್ರೋಜನ್ ತುಂಬಿದರೆ ಎನ್‌ಎಡಿಎಚ್, ಅಂದರೆ ತುಂಬಿದ ಚೀಲ. ಮೇಲಿನ ಎರಡೂ ಮೆಟ್ಟಿಲುಗಳಲ್ಲಿ ತಲಾ ಒಂದು ಚೀಲ ತುಂಬುತ್ತದೆ. ತುಂಬಿದವನ್ನು ಬರಿದು ಮಾಡುವ ಕೆಲಸ ಮೈಟೊಕಾಂಡ್ರಿಯದ್ದು, ಅದಕ್ಕೆ ಅದರದೇ ವೇಗದ ಮಿತಿ ಇದೆ. ಕೊಬ್ಬಿನಾಮ್ಲ ಉರಿಯಲೂ ಖಾಲಿ ಚೀಲವೇ ಬೇಕು, ಇಂಧನ ಉರಿಯುವ ಕೊನೆಯ ಸುತ್ತಾದ ಸಿಟ್ರಿಕ್ ಆಮ್ಲ ಚಕ್ರಕ್ಕೂ ಬೇಕು. ಚೀಲ ಸಿಗದೆ ಎರಡೂ ನಿಧಾನವಾಗುತ್ತವೆ, ಕೊಬ್ಬಿನಾಮ್ಲ ಹಾಗೇ ಬಿದ್ದಿರುತ್ತದೆ.

ಅಷ್ಟರಲ್ಲಿ ತುಂಬಿದ ಚೀಲಗಳ ಒತ್ತಡಕ್ಕೆ ಇನ್ನೊಂದು ಕಡೆ ಗ್ಲಿಸರಾಲ್-3-ಫಾಸ್ಫೇಟ್ ಹೆಚ್ಚುತ್ತದೆ. ಮೂರು ಕೊಬ್ಬಿನಾಮ್ಲ ಬಂದು ಅಂಟಿಕೊಳ್ಳುವ ಬೆನ್ನೆಲುಬು ಅದೇ. ಮೂರೂ ಅಂಟಿದರೆ ಟ್ರೈಗ್ಲಿಸರೈಡ್, ಅಂದರೆ ಸ್ಕ್ಯಾನಿಂಗ್‌ನಲ್ಲಿ ಬೆಳ್ಳಗೆ ಕಾಣುವ ಆ ಕೊಬ್ಬು.

(ಬರಿಹೊಟ್ಟೆಯಲ್ಲಿ ವಿಪರೀತ ಕುಡಿದವರಿಗೆ ರಕ್ತದ ಸಕ್ಕರೆ ಇಳಿದು ಎಚ್ಚರ ತಪ್ಪುವುದೂ ಇದೇ ಚೀಲಗಳ ದೆಸೆಯಿಂದ. ಸಕ್ಕರೆ ತಯಾರಿಸಬೇಕಾದ ಪೈರುವೇಟ್ ಲ್ಯಾಕ್ಟೇಟ್ ಕಡೆ ತಿರುಗಿಬಿಡುತ್ತದೆ. ‘ಅಮಲು ಏರಿದೆ, ಮಲಗಲಿ ಬಿಡು’ ಅಂತ ಬಿಟ್ಟರೆ ಎಡವಟ್ಟಾಗುವುದು ಇಲ್ಲೇ.)

ಅರೆತುಂಬಿದ_ಲೋಟ
ಒಪ್ಪಿದೆ. ಹಾಗಾದರೆ ಬಿದ್ದಿರುವ ಆ ಕೊಬ್ಬಿನಾಮ್ಲ ಯಾರದು? ಲಿವರ್‌ನದೇ?

ಒಳಹರಿವು
ಮೂರು ಕಡೆಯಿಂದ ಬಂದದ್ದು. ಮೈಯ ಕೊಬ್ಬಿನಿಂದ ಕರಗಿ ರಕ್ತದಲ್ಲಿ ತೇಲಿ ಬಂದದ್ದು, ಊಟದ ಕೊಬ್ಬು, ಮತ್ತೆ ಲಿವರ್ ತಾನೇ ತಯಾರಿಸಿದ್ದು. ದೀರ್ಘಕಾಲ ಕುಡಿಯುವವರಲ್ಲಿ ಮೊದಲನೆಯದು ಹೆಚ್ಚುತ್ತದೆ. ಕೊಬ್ಬುಕೋಶಗಳು ಇನ್ಸುಲಿನ್ ಮಾತು ಕೇಳುವುದನ್ನು ಬಿಟ್ಟು ಕೊಬ್ಬಿನಾಮ್ಲವನ್ನು ಹೊರಕ್ಕೆ ಬಿಡುತ್ತಲೇ ಇರುತ್ತವೆ. ಕೈಕಾಲು ಸೊರಗಿದ ಕುಡುಕನ ಲಿವರ್ ಮಾತ್ರ ಕೊಬ್ಬಿ ದಪ್ಪವಾಗಿರುವುದು ಹೀಗೆ. ‘ನಾನು ಸಣ್ಣಗಿದ್ದೇನೆ, ನನಗೆಲ್ಲಿಯ ಫ್ಯಾಟಿ ಲಿವರ್’ ಅನ್ನುವ ಮಾತಿಗೆ ಬೆಲೆಯಿಲ್ಲ.

ಕಿಣ್ವ ಅವರ ವಿವರಣೆಗೆ ಒಂದು ತಿದ್ದುಪಡಿ. ಚೀಲದ ಲೆಕ್ಕ ಆ ರಾತ್ರಿಗೆ, ಮೊದಲ ಕೆಲವು ದಿನಗಳಿಗೆ ಸರಿ. ವರ್ಷಗಟ್ಟಲೆ ಕುಡಿಯುವವರಲ್ಲಿ ಎನ್‌ಎಡಿಎಚ್ ಏರುಪೇರು ಬಹುಮಟ್ಟಿಗೆ ತಗ್ಗುತ್ತದೆ. ಕೊಬ್ಬು ಮಾತ್ರ ಇಳಿಯುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಜೀನ್‌ಗಳ ಸ್ವಿಚ್ಚುಗಳು. ಕೊಬ್ಬು ತಯಾರಿಸುವ ಎಸ್‌ಆರ್‌ಇಬಿಪಿ-1ಸಿ ಆನ್ ಆಗುತ್ತದೆ. ಕೊಬ್ಬು ಉರಿಸುವ ಕಿಣ್ವಗಳನ್ನು ಎಬ್ಬಿಸುವ ಪಿಪಿಎಆರ್-ಆಲ್ಫಾ ಮಂಕಾಗುತ್ತದೆ. ಇವೆರಡನ್ನೂ ಹದ್ದುಬಸ್ತಿನಲ್ಲಿ ಇಡುವ ಎಎಂಪಿಕೆ ಕೂಡ ಸೋಲುತ್ತದೆ. ‘ಇದ್ದದ್ದು ಉರಿಯಲಿಲ್ಲ’ ಅನ್ನುವ ಹಂತ ದಾಟಿ ‘ಹೊಸದೂ ತಯಾರಾಗುತ್ತಿದೆ’ ಅನ್ನುವ ಹಂತ ಬರುವುದು ಈ ಹೊತ್ತಿಗೆ.

ಇದರ ಜೊತೆಗೆ ಹೊರಹೋಗುವ ದಾರಿಯೂ ಕಟ್ಟುತ್ತದೆ. ಲಿವರ್ ತನ್ನ ಕೊಬ್ಬನ್ನು ವಿಎಲ್‌ಡಿಎಲ್ ಅನ್ನುವ ಪೊಟ್ಟಣ ಕಟ್ಟಿ ರಕ್ತಕ್ಕೆ ಕಳಿಸಬೇಕು. ಪೊಟ್ಟಣ ಕಟ್ಟುವ ಪ್ರೋಟೀನ್ ಕಡಿಮೆಯಾಗುತ್ತದೆ, ಪೊಟ್ಟಣ ಸಾಗಬೇಕಾದ ಕೋಶದೊಳಗಿನ ಸೂಕ್ಷ್ಮ ನಾಳಗಳಿಗೆ ಅಸೆಟಾಲ್ಡಿಹೈಡ್ ಮೆತ್ತಿಕೊಂಡು ಸಾಗಾಟ ಕೆಡುತ್ತದೆ. ಒಳಹರಿವು ಜಾಸ್ತಿ, ಉರಿ ಕಡಿಮೆ, ಹೊರಹರಿವು ಕಡಿಮೆ. ಕೆರೆ ತುಂಬದೆ ಇನ್ನೇನಾಗುತ್ತದೆ?

ಕಿಣ್ವ
ಒಪ್ಪುತ್ತೇನೆ, ‘ಮೊದಲ ದಿನಗಳಿಗೆ’ ಅಂತ ನಾನೇ ಹೇಳಬೇಕಿತ್ತು. ಸಿವೈಪಿ2ಇ1 ಬಿಟ್ಟಿದ್ದೀರಿ, ಅದೊಂದು ಸೇರಿಸುತ್ತೇನೆ. ನಿತ್ಯ ಕುಡಿಯುವವರಲ್ಲಿ ಈ ಕಿಣ್ವ ಹಲವು ಪಟ್ಟು ಹೆಚ್ಚಾಗಿ ಎಥೆನಾಲನ್ನು ಬೇಗ ಬೇಗ ಒಡೆಯುತ್ತದೆ. ‘ಈಗ ಎಷ್ಟು ಕುಡಿದರೂ ಏರಲ್ಲ, ಮೈಗೆ ಒಗ್ಗಿದೆ’ ಅನ್ನುವುದರ ಒಂದು ಪಾಲು ಇದು (ದೊಡ್ಡ ಪಾಲು ಮಿದುಳು ಒಗ್ಗಿಕೊಂಡದ್ದು). ಲಿವರ್ ಮಾತ್ರ ಒಗ್ಗಿದ್ದಲ್ಲ. ಈ ದಾರಿಯಲ್ಲಿ ಒಡೆದಾಗ ಹೊಮ್ಮುವ ಆಮ್ಲಜನಕದ ಕಿಡಿಗಳು ಕೂಡಿಟ್ಟ ಕೊಬ್ಬಿಗೇ ತಗುಲಿ ಅದನ್ನು ಕಮಟಾಗಿಸುತ್ತವೆ. ಹಳೆಯ ಎಣ್ಣೆ ಕಮಟು ಹಿಡಿದ ಹಾಗೆ, ಆದರೆ ಜೀವಕೋಶದ ಒಳಗೆ.

ಸ್ಲೈಡ್_ನೋಡುವವ
ಸೂಕ್ಷ್ಮದರ್ಶಕದಡಿ ಇದು ಹೇಗೆ ಕಾಣುತ್ತದೆ ಅಂತ ಯಾರೂ ಬರೆದಿಲ್ಲ.

ಲಿವರ್ ಕೋಶ ಸಾಧಾರಣವಾಗಿ ಗುಲಾಬಿ ಬಣ್ಣದ ಬಹುಭುಜ, ನಡುವೆ ಗುಂಡಗಿನ ಕೋಶಕೇಂದ್ರ. ಕೊಬ್ಬು ಸೇರಿದ ಕೋಶದಲ್ಲಿ ನಡುವೆ ಒಂದು ದೊಡ್ಡ ಬಿಳಿ ಬಿಲ್ಲೆ, ಕೋಶಕೇಂದ್ರ ಅಂಚಿಗೆ ಒತ್ತಿಹೋಗಿ ಚಪ್ಪಟೆ. ಆ ಬಿಳುಪು ಕೊಬ್ಬಲ್ಲ, ಕೊಬ್ಬು ಇದ್ದ ಜಾಗ. ಸ್ಲೈಡ್ ತಯಾರಿಸುವಾಗ ಆಲ್ಕೋಹಾಲ್, ಝೈಲೀನ್‌ಗಳಲ್ಲಿ ಅದ್ದುತ್ತಾರಲ್ಲ, ಅಲ್ಲಿ ಕೊಬ್ಬು ಕರಗಿ ಹೋಗಿರುತ್ತದೆ. ಕೊಬ್ಬನ್ನೇ ನೋಡಬೇಕಾದರೆ ಅಂಗಾಂಶವನ್ನು ಹೆಪ್ಪುಗಟ್ಟಿಸಿ ಕೊಯ್ದು ಆಯಿಲ್ ರೆಡ್ ಒ ಬಣ್ಣ ಹಾಕಬೇಕು. ಆಗ ಅದೇ ಬಿಲ್ಲೆಗಳು ಕೆಂಪು ಹನಿಗಳಾಗಿ ಎದ್ದು ಕಾಣುತ್ತವೆ.

100 ಕೋಶಗಳಲ್ಲಿ 5ಕ್ಕಿಂತ ಹೆಚ್ಚು ಕೋಶಗಳಲ್ಲಿ ಹನಿ ಕಂಡರೆ ಫ್ಯಾಟಿ ಲಿವರ್. ಆಲ್ಕೋಹಾಲಿನದಾದರೆ ಹನಿಗಳು ಮೊದಲು ಕೂರುವುದು ಕೇಂದ್ರ ಅಭಿಧಮನಿಯ (ಲಿವರ್‌ನಿಂದ ರಕ್ತ ಹೊರಹೋಗುವ ಪುಟ್ಟ ನಾಳ) ಸುತ್ತ. ರಕ್ತ ಅಲ್ಲಿಗೆ ತಲುಪುವ ಹೊತ್ತಿಗೆ ಆಮ್ಲಜನಕ ಕಡಿಮೆಯಾಗಿರುತ್ತದೆ, ಸಿವೈಪಿ2ಇ1 ಹೆಚ್ಚಾಗಿರುವುದೂ ಅಲ್ಲೇ. ಕುಡಿತ ಮುಂದುವರಿದರೆ ಹನಿಗಳು ಹೊರಗಿನ ವಲಯಗಳಿಗೂ ಹರಡುತ್ತವೆ.

ಬರೀ ಹನಿಗಳಿದ್ದರೆ ಭಯಪಡುವ ಸ್ಲೈಡ್ ಅಲ್ಲ. ಕೋಶಗಳು ಬಲೂನಿನಂತೆ ಊದಿ, ಒಳಗೆ ಮ್ಯಾಲರಿ ಕಾಯಗಳು (ಕೆಟ್ಟ ಪ್ರೋಟೀನಿನ ಮುದ್ದೆಗಳು), ಸುತ್ತ ಬಿಳಿ ರಕ್ತಕಣಗಳು ಮುತ್ತಿಕೊಂಡಿದ್ದರೆ ಅದು ಉರಿಯೂತ. ಕೋಶಗಳ ನಡುವೆ ಕೋಳಿಬಲೆಯಂತೆ ನಾರು ಹೆಣೆದಿದ್ದರೆ ಗಾಯ ಕಲೆಗಟ್ಟುತ್ತಿದೆ ಅಂತ ಅರ್ಥ. ಲಿವರ್ ಇಡೀ ಕಲೆಗಟ್ಟಿ ಗಂಟಾಗುವ ಸಿರೋಸಿಸ್ ದಾರಿ ಶುರುವಾಗುವುದು ಅಲ್ಲಿಂದ.

ಪ್ರಶ್ನೆಚಿಹ್ನೆ
ಈ ಹಂತಕ್ಕೆ ಹೋಗಲು ಎಷ್ಟು ಕುಡಿಯಬೇಕು? ‘ಬಿಯರ್ ಮಾತ್ರ’, ‘ವೈನ್ ಮಾತ್ರ’ ಅನ್ನುವವರಿಗೆ ವಿನಾಯಿತಿ ಇದೆಯೇ?

ಅಳತೆಪಾತ್ರೆ
ಲಿವರ್‌ಗೆ ಬಾಟಲಿಯ ಲೇಬಲ್ ಓದಲು ಬರುವುದಿಲ್ಲ, ಅದಕ್ಕೆ ಗೊತ್ತಿರುವುದು ಗ್ರಾಂ. ಲೆಕ್ಕ ಹೀಗೆ: ಮಿ.ಲೀ. × ಶೇಕಡಾ ÷ 100 × 0.789.

60 ಮಿ.ಲೀ. ವಿಸ್ಕಿ, 40 ಶೇಕಡಾ: 24 ಮಿ.ಲೀ. ಶುದ್ಧ ಎಥೆನಾಲ್, ಸುಮಾರು 19 ಗ್ರಾಂ.
500 ಮಿ.ಲೀ. ಬಿಯರ್, 5 ಶೇಕಡಾ: ಸುಮಾರು 20 ಗ್ರಾಂ.
ಅದೇ 500 ಮಿ.ಲೀ. 8 ಶೇಕಡಾದ ‘ಸ್ಟ್ರಾಂಗ್’ ಆದರೆ: ಸುಮಾರು 32 ಗ್ರಾಂ.
150 ಮಿ.ಲೀ. ವೈನ್, 12 ಶೇಕಡಾ: ಸುಮಾರು 14 ಗ್ರಾಂ.

ಎರಡು ಸ್ಟ್ರಾಂಗ್ ಬಿಯರ್ ಕುಡಿದವನು 60 ಗ್ರಾಂ ದಾಟಿದ, ಅಂದರೆ 60 ಮಿ.ಲೀ.ನ ಮೂರು ವಿಸ್ಕಿಗಿಂತ ಹೆಚ್ಚು. ‘ಬರೀ ಬಿಯರ್’ ಅನ್ನುವ ಸಮಾಧಾನ ಇಲ್ಲಿಗೆ ಮುಗಿಯಿತು. ನೀರು, ಸೋಡಾ ಬೆರೆಸಿದರೆ ರುಚಿ ತೆಳ್ಳಗಾಗುತ್ತದೆ, ಗ್ರಾಂ ಹಾಗೇ ಇರುತ್ತದೆ.

ದಿನವೂ 60 ಗ್ರಾಂ ದಾಟುವವರಲ್ಲಿ 100ಕ್ಕೆ 90ರಷ್ಟು ಮಂದಿಗೆ ಫ್ಯಾಟಿ ಲಿವರ್ ಆಗುತ್ತದೆ. ಹೀಗೆ ವರ್ಷಗಟ್ಟಲೆ ಮುಂದುವರಿದವರಲ್ಲಿ ಸಿರೋಸಿಸ್‌ವರೆಗೆ ಹೋಗುವುದು 10ರಿಂದ 20 ಶೇಕಡಾ. ಯಾರು ಆ ಗುಂಪಿಗೆ ಸೇರುತ್ತಾರೆ ಅನ್ನುವುದಕ್ಕೆ ತೂಕ, ಸಕ್ಕರೆ ಕಾಯಿಲೆ, ಹೆಪಟೈಟಿಸ್ ಸಿ, ಪಿಎನ್‌ಪಿಎಲ್‌ಎ3 ಜೀನ್‌ನ ಒಂದು ರೂಪ, ಎಲ್ಲವೂ ತಲಾ ಒಂದು ಕೈ ಹಾಕುತ್ತವೆ. ಹೆಂಗಸರಿಗೆ ಇದಕ್ಕಿಂತ ಕಡಿಮೆ ಗ್ರಾಂ ಸಾಕು. ಮೈಯಲ್ಲಿ ನೀರಿನ ಪಾಲು ಕಡಿಮೆ ಇರುವುದರಿಂದ ಅದೇ ಲೋಟ ರಕ್ತದಲ್ಲಿ ಹೆಚ್ಚು ಗಾಢವಾಗುತ್ತದೆ.

ವೇಗವೂ ನೆನಪಿರಲಿ. ಲಿವರ್ ಗಂಟೆಗೆ ಒಡೆಯುವುದು ಸುಮಾರು 7ರಿಂದ 10 ಗ್ರಾಂ. ರಾತ್ರಿ 11ಕ್ಕೆ ಮೈಯಲ್ಲಿ 60 ಗ್ರಾಂ ಇಟ್ಟುಕೊಂಡು ಮಲಗಿದರೆ ಅದು ಮುಗಿಯುವಾಗ ಬೆಳಗಿನ 5ರಿಂದ 8. ಅಷ್ಟೂ ಹೊತ್ತು ಕೊಬ್ಬು ಸಾಲಿನಲ್ಲಿ ಕಾಯುತ್ತಿರುತ್ತದೆ. ಕಾಫಿ, ತಣ್ಣೀರು ಸ್ನಾನ, ನಿಂಬೆರಸ ಯಾವುದಕ್ಕೂ ಈ ವೇಗ ಬದಲಿಸುವ ಶಕ್ತಿಯಿಲ್ಲ.

ಅರೆತುಂಬಿದ_ಲೋಟ
ಚೆನ್ನಾಗಿ ಉಂಡು ಕುಡಿದರೆ ಲಿವರ್‌ಗೆ ಏನೂ ಆಗಲ್ಲ ಅಂತಾರಲ್ಲ?

ಕಿಣ್ವ
ಹಳೆಯ ವೈದ್ಯರೂ ಹಾಗೇ ನಂಬಿದ್ದರು, ಕುಡುಕರು ಸರಿಯಾಗಿ ಉಣ್ಣದೆ ಲಿವರ್ ಕೆಡುತ್ತದೆ ಅಂತ. 1960ರ ದಶಕದಲ್ಲಿ ಚಾರ್ಲ್ಸ್ ಲೀಬರ್ ಮತ್ತು ಅವರ ಜೊತೆಗಾರರು ಸ್ವಯಂಸೇವಕರಿಗೆ ಪ್ರೋಟೀನ್, ವಿಟಮಿನ್ ಯಾವುದಕ್ಕೂ ಕೊರತೆಯಿಲ್ಲದ ಊಟದ ಜೊತೆಗೇ ಆಲ್ಕೋಹಾಲ್ ಕೊಟ್ಟು ನೋಡಿದರು. ಆದರೂ ಲಿವರ್‌ನಲ್ಲಿ ಕೊಬ್ಬು ಸೇರಿತು. ಹೊಟ್ಟೆ ತುಂಬಿದ್ದರೆ ಅಮಲು ನಿಧಾನವಾಗಿ ಏರುತ್ತದೆ, ಅಷ್ಟು ಮಾತ್ರ ನಿಜ.

ಲ್ಯಾಬ್_ಮೂಲೆ
ಈಗ ವರದಿ ಓದುವ ವಿಷಯ. ಇಲ್ಲಿ ಜನ ಎರಡು ದಿಕ್ಕಿನಲ್ಲೂ ಎಡವುತ್ತಾರೆ.

‘ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ನಾರ್ಮಲ್, ಹಾಗಾಗಿ ಲಿವರ್ ನಾರ್ಮಲ್’ ಅನ್ನುವುದು ಮೊದಲ ತಪ್ಪು. ಬರೀ ಕೊಬ್ಬಿದ್ದಾಗ ಕಿಣ್ವಗಳು ಏರದೆಯೂ ಇರಬಹುದು. ಕೊಬ್ಬು 20-30 ಶೇಕಡಾದೊಳಗಿದ್ದರೆ ಅಲ್ಟ್ರಾಸೌಂಡ್ ಕಣ್ಣಿನಿಂದಲೂ ತಪ್ಪಿಸಿಕೊಳ್ಳುತ್ತದೆ. ಅಲ್ಲಿ ನೋಡುವುದು ಪಕ್ಕದ ಬಲ ಮೂತ್ರಪಿಂಡಕ್ಕೆ ಹೋಲಿಸಿ ಲಿವರ್ ಎಷ್ಟು ಬೆಳ್ಳಗಿದೆ ಅಂತ. ಗ್ರೇಡ್ 1, 2, 3 ಅನ್ನುವುದು ಆ ಬಿಳುಪಿನ ದರ್ಜೆಯೇ ಹೊರತು ಕಾಯಿಲೆಯ ತೀವ್ರತೆಯದಲ್ಲ. ಗ್ರೇಡ್ 1 ಇದ್ದವರಲ್ಲಿ ನಾರುಗಟ್ಟಿರಬಹುದು, ಗ್ರೇಡ್ 3 ಇದ್ದವರಲ್ಲಿ ನಾರೇ ಇಲ್ಲದಿರಬಹುದು.

ಆಲ್ಕೋಹಾಲಿನ ಗುರುತು ಹೀಗಿರುತ್ತದೆ: ಲಿವರ್ ಕೋಶಗಳಿಂದ ರಕ್ತಕ್ಕೆ ಸೋರುವ ಎರಡು ಕಿಣ್ವಗಳಲ್ಲಿ ಎಎಸ್‌ಟಿ ಎಎಲ್‌ಟಿಗಿಂತ ಹೆಚ್ಚು. ಉರಿಯೂತ ಸೇರಿದ್ದರೆ ಎರಡು ಪಟ್ಟೂ ದಾಟಬಹುದು, ಆದರೂ ಎಎಸ್‌ಟಿ 400 ಮೀರುವುದು ಅಪರೂಪ. ಸಾವಿರಗಳಲ್ಲಿ ಬಂದರೆ ಬೇರೆ ಕಾರಣ ಹುಡುಕಬೇಕು: ವೈರಸ್, ಮಾತ್ರೆ, ರಕ್ತಸಂಚಾರದ ತೊಂದರೆ. ಜಿಜಿಟಿ ಅನ್ನುವ ಇನ್ನೊಂದು ಕಿಣ್ವ ಏರಿರುತ್ತದೆ, ಕೆಂಪುಕಣದ ಗಾತ್ರ ತಿಳಿಸುವ ಎಂಸಿವಿಯೂ ಏರಿರಬಹುದು.

ನಾರಿನ ಅಂದಾಜಿಗೆ ಫಿಬ್-4 ಅನ್ನುವ ಲೆಕ್ಕ ಒಳ್ಳೆಯ ಶುರು, ಬೇರೆ ಖರ್ಚಿಲ್ಲ. ವಯಸ್ಸು × ಎಎಸ್‌ಟಿ, ಅದನ್ನು ಪ್ಲೇಟ್‌ಲೆಟ್ (ಸಾವಿರಗಳಲ್ಲಿ) × ಎಎಲ್‌ಟಿಯ ವರ್ಗಮೂಲದಿಂದ ಭಾಗಿಸಿ. 1.3ರ ಕೆಳಗಿದ್ದರೆ ಮುಂದುವರಿದ ನಾರುಗಟ್ಟುವಿಕೆಯ ಸಾಧ್ಯತೆ ಕಡಿಮೆ, 2.67 ದಾಟಿದರೆ ತಜ್ಞರನ್ನು ಕಾಣಲೇಬೇಕು.

ಲೆಕ್ಕಕ್ಕಾಗಿ ಒಂದು ಮಾದರಿ: ವಯಸ್ಸು 45, ಎಎಸ್‌ಟಿ 70, ಎಎಲ್‌ಟಿ 40, ಪ್ಲೇಟ್‌ಲೆಟ್ 2.1 ಲಕ್ಷ. 45 × 70 = 3150. 40ರ ವರ್ಗಮೂಲ 6.32, ಅದನ್ನು 210ರಿಂದ ಗುಣಿಸಿದರೆ 1327. ಭಾಗಿಸಿದರೆ 2.37. ಇತ್ತಲೂ ಅಲ್ಲ, ಅತ್ತಲೂ ಅಲ್ಲ. ಇದೇ ವ್ಯಕ್ತಿ ಆರು ವಾರ ಕುಡಿತ ಬಿಟ್ಟು ಎಎಸ್‌ಟಿ 32, ಎಎಲ್‌ಟಿ 30ಕ್ಕೆ ಇಳಿದರೆ ಉತ್ತರ 1.25. ನಾರು ಆರು ವಾರದಲ್ಲಿ ಕರಗಲಿಲ್ಲ. ಕುಡಿತದಿಂದ ಉಬ್ಬಿದ್ದ ಎಎಸ್‌ಟಿ ಮೊದಲ ಲೆಕ್ಕವನ್ನು ಕೆಡಿಸಿತ್ತು. ಇದು ಎರಡನೆಯ ಎಡವಟ್ಟು: ಕುಡಿಯುತ್ತಿರುವಾಗಲೇ ಅಳೆದು ಸಿರೋಸಿಸ್ ಅಂತ ಹೆದರುವುದು.

ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್‌ಗೂ ಇದೇ ಮಾತು. ಉರಿಯೂತ ಇದ್ದಾಗ ಲಿವರ್ ಗಟ್ಟಿಯಾಗಿ ತೋರುತ್ತದೆ. ಕನಿಷ್ಠ ಎರಡು ವಾರ ಕುಡಿತ ಬಿಟ್ಟು, ಮೂರು ಗಂಟೆ ಏನೂ ತಿನ್ನದೆ ಮಾಡಿಸಿ. 8 ಕಿಲೊಪ್ಯಾಸ್ಕಲ್ ಒಳಗೆ ಬಂದರೆ ನಿರಾಳ.

ಅರೆತುಂಬಿದ_ಲೋಟ
ಕೊನೆಗೆ ಔಷಧಿ ಏನು? ಲಿವರ್ ಟಾನಿಕ್ ಕುಡಿದರೆ ಕೊಬ್ಬು ಇಳಿಯುತ್ತದೆಯೇ?

ವಾರ್ಡ್_ಪಾಳಿ
ಕೊಬ್ಬಿನ ಹಂತದಲ್ಲಿ ಔಷಧಿ ಒಂದೇ, ನಿಲ್ಲಿಸುವುದು. ಪೂರ್ತಿ ನಿಲ್ಲಿಸಿದರೆ 2ರಿಂದ 6 ವಾರದಲ್ಲಿ ಬಹುಪಾಲು ಕೊಬ್ಬು ಇಳಿಯುತ್ತದೆ. ಟಾನಿಕ್ ಕುಡಿಯುತ್ತಾ ಪೆಗ್ಗೂ ಹಾಕುವುದು ಸೋರುವ ತೊಟ್ಟಿಗೆ ಬಣ್ಣ ಬಳಿದಂತೆ.

ಆದರೆ ಇದನ್ನು ಓದಿ ಇವತ್ತೇ ಬಾಟಲಿ ಚೆಲ್ಲುವ ಮುಂಚೆ ಒಂದು ಮಾತು. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರು, ಒಂದು ಗುಟುಕು ಬಿದ್ದ ಮೇಲೆ ನಡುಕ ನಿಲ್ಲುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಮನೆಯಲ್ಲಿ ಒಬ್ಬರೇ ದಿಢೀರನೆ ನಿಲ್ಲಿಸಬಾರದು. ಕೊನೆಯ ಗುಟುಕಿನಿಂದ 6ರಿಂದ 24 ಗಂಟೆಯಲ್ಲಿ ನಡುಕ, ಬೆವರು, ವಾಂತಿ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ನಡುವೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು, ಜ್ವರ. ಈ ಕೊನೆಯದು ಜೀವ ತೆಗೆಯಬಲ್ಲದು. ವೈದ್ಯರು ಬೆಂಜೊಡಯಜೆಪೀನ್ ಗುಂಪಿನ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಇದನ್ನು ದಾಟಿಸುತ್ತಾರೆ. ಆ ಮಾತ್ರೆಯನ್ನು ಸ್ವಂತ ತಲೆ ಓಡಿಸಿ ನುಂಗುವಂತಿಲ್ಲ, ಕುಡಿತದ ಮೇಲೆ ಬಿದ್ದರೆ ಉಸಿರೇ ನಿಲ್ಲಬಹುದು.

ಥಯಾಮಿನ್, ಅಂದರೆ ಬಿ1, ಮರೆಯಬೇಡಿ. ಸೊರಗಿದ ಕುಡುಕನಿಗೆ ಬಿ1 ಇಲ್ಲದೆ ಗ್ಲೂಕೋಸ್ ಡ್ರಿಪ್ ಏರಿಸಿದರೆ ಅಳಿದುಳಿದ ಬಿ1 ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು: ಕಣ್ಣಾಲಿ ಓಲಾಟ, ತೂರಾಡುವ ನಡಿಗೆ, ಗೊಂದಲ. ‘ಸುಸ್ತಾಗಿದ್ದಾನೆ, ಒಂದು ಗ್ಲೂಕೋಸ್ ಹಾಕಿಸಿ’ ಅಂತ ಒತ್ತಾಯಿಸುವ ಮನೆಯವರು ಕುಡಿತದ ವಿಷಯ ಮುಚ್ಚಿಡಬಾರದು.

ನಿತ್ಯ ಕುಡಿಯುವವರು ಪ್ಯಾರಾಸಿಟಮಾಲನ್ನು ದಿನಕ್ಕೆ 2 ಗ್ರಾಂ ಒಳಗೇ ಇಡಬೇಕು, ಅಂದರೆ 500 ಮಿ.ಗ್ರಾಂ.ನ 4 ಮಾತ್ರೆ. ಮೇಲೆ ಹೇಳಿದ ಸಿವೈಪಿ2ಇ1 ಆ ಮಾತ್ರೆಯನ್ನೂ ವಿಷವಾಗಿಸುತ್ತದೆ, ಅದನ್ನು ತಟಸ್ಥ ಮಾಡುವ ಗ್ಲುಟಾಥಯೋನ್ ಕುಡುಕರಲ್ಲಿ ಮೊದಲೇ ಕಡಿಮೆ. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಹಿಂಬದಿ ಓದಿ.

ಕಣ್ಣು ಹಳದಿ, ಹೊಟ್ಟೆ ಊದಿ ನೀರು, ರಕ್ತವಾಂತಿ, ಟಾರಿನಂತೆ ಕಪ್ಪು ಮಲ, ಹಗಲಿಡೀ ತೂಕಡಿಕೆ, ಇವುಗಳಲ್ಲಿ ಒಂದಿದ್ದರೂ ಈ ಚರ್ಚೆ ಓದುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆಚಿಹ್ನೆ
ಎಲ್ಲರಿಗೂ ಧನ್ಯವಾದ. ಕೊನೆಯದೊಂದು. ಪೂರ್ತಿ ಬಿಟ್ಟು ಮೂರು ತಿಂಗಳಾದ ಮೇಲೂ ಸ್ಕ್ಯಾನಿಂಗ್‌ನಲ್ಲಿ ‘ಗ್ರೇಡ್ 1’ ಅಂತಲೇ ಬಂದರೆ ಏನರ್ಥ?

ಲ್ಯಾಬ್_ಮೂಲೆ
ಮೊದಲು ನಿಜಕ್ಕೂ ಬಿಟ್ಟಿದೆಯೇ ಅನ್ನುವ ಪ್ರಶ್ನೆ, ಬೇಜಾರಾಗಬೇಡಿ. ಜಿಜಿಟಿ ಸುಮಾರು ಮೂರು ವಾರಕ್ಕೊಮ್ಮೆ ಅರ್ಧವಾಗುತ್ತಾ ಇಳಿಯಬೇಕು: 240 ಇದ್ದದ್ದು 120, ಆಮೇಲೆ 60ರ ಸುತ್ತ. ಎಂಸಿವಿ ಮಾತ್ರ ಮೂರ್ನಾಲ್ಕು ತಿಂಗಳು ತೆಗೆದುಕೊಳ್ಳುತ್ತದೆ, ಹಳೆಯ ಕೆಂಪುಕಣಗಳು ಸಾಯಬೇಕಲ್ಲ. ಅನುಮಾನವಿದ್ದರೆ ಪೆತ್ ಅನ್ನುವ ರಕ್ತಪರೀಕ್ಷೆ ಹಿಂದಿನ 2ರಿಂದ 4 ವಾರಗಳ ಕುಡಿತವನ್ನು ಹಿಡಿಯುತ್ತದೆ.

ಅದೆಲ್ಲ ಸರಿಯಿದ್ದೂ ಬಿಳುಪು ಉಳಿದಿದ್ದರೆ ಆ ಕೊಬ್ಬಿಗೆ ಆಲ್ಕೋಹಾಲ್ ಒಂದೇ ಹೊಣೆ ಅಲ್ಲ. ಸೊಂಟದ ಸುತ್ತಳತೆ, ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಕೆಲವು ತಿಂಗಳ ಸರಾಸರಿ), ಟ್ರೈಗ್ಲಿಸರೈಡ್, ಬಿಪಿ ನೋಡಿ. ಎರಡೂ ಕಾರಣ ಕೂಡಿರುವವರಿಗೆ 2023ರಲ್ಲಿ ಮೆಟ್-ಎಎಲ್‌ಡಿ ಅಂತ ಹೆಸರೇ ಇಟ್ಟರು: ಗಂಡಸರಲ್ಲಿ ವಾರಕ್ಕೆ 210ರಿಂದ 420 ಗ್ರಾಂ, ಹೆಂಗಸರಲ್ಲಿ 140ರಿಂದ 350 ಗ್ರಾಂ ಕುಡಿತ, ಜೊತೆಗೆ ಬೊಜ್ಜು, ಸಕ್ಕರೆ ಕಾಯಿಲೆ, ಬಿಪಿ, ರಕ್ತದ ಕೊಬ್ಬು ಇವುಗಳಲ್ಲಿ ಒಂದಾದರೂ. ಕುಡಿತ ಬಿಟ್ಟ ಮೇಲೆ ಉಳಿಯುವುದು ಈ ಎರಡನೆಯ ಪಾಲು. ಅದಕ್ಕೆ ತೂಕದಲ್ಲಿ 5 ಶೇಕಡಾ ಇಳಿಸಿದರೂ ಕೊಬ್ಬು ಕದಲುತ್ತದೆ, ಉರಿಯೂತ ತಗ್ಗಲು 7ರಿಂದ 10 ಶೇಕಡಾ ಬೇಕು. 80 ಕೆ.ಜಿ.ಯವರಿಗೆ ಮೊದಲ ಗುರಿ 76. ಆರು ತಿಂಗಳು ಬಿಟ್ಟು ಅದೇ ಯಂತ್ರ, ಅದೇ ಕೇಂದ್ರದಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿ, ಹಳೆಯ ಫಿಲ್ಮನ್ನೂ ಜೊತೆಗೆ ಒಯ್ಯಿರಿ.